ಝೆರಾಕ್ಸ್ ಅಂಗಡಿಯ ಲ್ಯಾಪ್‌ಟಾಪಿಗೆ ಕ್ರ್ಯಾಕ್ ವಿಂಡೋಸ್ ಹಾಕಿಸಿದರೆ ಏನಾದರೂ ಆಗುತ್ತದೆಯೇ?

ಕಲಬುರಗಿಯಲ್ಲಿ ಹೊಸದಾಗಿ ಝೆರಾಕ್ಸ್, ಆನ್‌ಲೈನ್ ಅರ್ಜಿಯ ಅಂಗಡಿ ಇಟ್ಟಿದ್ದೀರಿ. ರಿಪೇರಿಯವರು ವಿಂಡೋಸ್, ಆಫೀಸ್, ಫೋಟೋಶಾಪ್ ಎಲ್ಲ ಕ್ರ್ಯಾಕ್ ಮಾಡಿ, ಅಂದರೆ ಲೈಸೆನ್ಸ್ ಕೊಳ್ಳದೆ ಅದರ ಬೀಗ ಮುರಿದು, ಹಾಕಿಕೊಟ್ಟು "ಎಲ್ಲಾರೂ ಹಿಂಗೇ ಮಾಡ್ತಾರ, ಏನೂ ಆಗಂಗಿಲ್ಲ" ಅಂದಿದ್ದಾರೆ, ನಿಜವೇ ಅಂತ ಕೇಳಿದ್ದೀರಿ. ನಿಜ ಅಲ್ಲ ರೀ.

ಒಮ್ಮೆ ನಿಮ್ಮ ಡೌನ್‌ಲೋಡ್ಸ್ ಫೋಲ್ಡರ್ ತೆಗೆದು ನೋಡಿ. ಗಿರಾಕಿಗಳ ಆಧಾರ್, ಪಾಸ್‌ಬುಕ್, ಪಹಣಿ, ಮಾರ್ಕ್ಸ್ ಕಾರ್ಡು, 371(ಜೆ) ಪ್ರಮಾಣಪತ್ರಕ್ಕೆ ತಂದುಕೊಟ್ಟ ದಾಖಲೆಗಳು ಎಲ್ಲ ಅಲ್ಲೇ ಬಿದ್ದಿರುತ್ತವೆ. ಸ್ವಂತಕ್ಕೆ ಬಳಸುವ ಲ್ಯಾಪ್‌ಟಾಪ್ ಕೆಟ್ಟರೆ ನಷ್ಟ ನಿಮ್ಮೊಬ್ಬರದು; ಅಂಗಡಿಯದು ಕೆಟ್ಟರೆ ನಿಮ್ಮನ್ನು ನಂಬಿ ಬಂದವರದೂ ಹೌದು.

ಕ್ರ್ಯಾಕ್ ಹಾಕುವಾಗ ಮೊದಲು ಆಂಟಿವೈರಸ್ ಬಂದ್ ಮಾಡುತ್ತಾರೆ, ಆಮೇಲೆ ಅಡ್ಮಿನ್ ಅನುಮತಿ ಕೊಟ್ಟು ಓಡಿಸುತ್ತಾರೆ. ಅದರೊಳಗೆ ಏನೇ ಇದ್ದರೂ ಇಡೀ ಯಂತ್ರ ಅದರ ಕೈಗೆ ಹೋದಂತೆ. ಪ್ರತಿ ಕ್ರ್ಯಾಕಿನಲ್ಲೂ ವೈರಸ್ ಇರುವುದಿಲ್ಲ, ಆದರೆ ಯಾವುದರಲ್ಲಿ ಇದೆ ಅಂತ ನೀವಾಗಲಿ ಹಾಕಿದವರಾಗಲಿ ನೋಡಿ ಹೇಳಲು ಬರುವುದಿಲ್ಲ. ಹೆಚ್ಚಿನ ಭಯ ಬ್ರೌಸರಿನಲ್ಲಿ ಸೇವ್ ಆದ ಪಾಸ್‌ವರ್ಡ್ ಮತ್ತು ಕುಕಿ ಕದಿಯುವಂಥವುಗಳದು. ಒಮ್ಮೆ ಲಾಗಿನ್ ಆದಮೇಲೆ ನಿಮ್ಮ ಗುರುತು ಕುಕಿಯಲ್ಲೇ ಉಳಿದಿರುತ್ತದೆ. ಅದನ್ನು ನಕಲು ಮಾಡಿಕೊಂಡವರು ಎಷ್ಟೋ ಸೈಟುಗಳಿಗೆ ಪಾಸ್‌ವರ್ಡೂ ಓಟಿಪಿಯೂ ಇಲ್ಲದೆ ಒಳಗೆ ಹೋಗುತ್ತಾರೆ. ಹಾಗಾಗಿ "ಓಟಿಪಿ ಬರ್ತದಲ್ಲ" ಅಂತ ನೆಚ್ಚಿಕೊಂಡು ಕೂರಬೇಡಿ.

ಈಗಲೇ ಎರಡು ಕಡೆ ನೋಡಿ. ಸೆಟ್ಟಿಂಗ್ಸ್, ಸಿಸ್ಟಮ್, ಆಕ್ಟಿವೇಶನ್‌ಗೆ ಹೋದಾಗ "ನಿಮ್ಮ ಸಂಸ್ಥೆಯ ಆಕ್ಟಿವೇಶನ್ ಸೇವೆ" ಅಂತ ಇಂಗ್ಲಿಷಿನಲ್ಲಿ ಬಂದರೆ ಅದು ಕ್ರ್ಯಾಕ್. ಆ ಸೇವೆ ದೊಡ್ಡ ಸಂಸ್ಥೆಗಳು ತಮ್ಮದೇ ಸರ್ವರಿನಲ್ಲಿ ಇಟ್ಟುಕೊಳ್ಳುವಂಥದ್ದು, ನಿಮ್ಮ ಅಂಗಡಿಗೆ ಎಲ್ಲಿಂದ ಬರಬೇಕು? ಇನ್ನೊಂದು, ವಿಂಡೋಸ್ ಸೆಕ್ಯುರಿಟಿಯ ವೈರಸ್ ವಿಭಾಗದಲ್ಲಿ ಮ್ಯಾನೇಜ್ ಸೆಟ್ಟಿಂಗ್ಸ್ ಒತ್ತಿ ಕೆಳಗೆ ಎಕ್ಸ್‌ಕ್ಲೂಷನ್ಸ್ ತೆರೆಯಿರಿ. ನೀವು ಸೇರಿಸದ ಫೋಲ್ಡರ್, ಅಥವಾ ಸಿ ಡ್ರೈವೇ ಪೂರ್ತಿ ಅಲ್ಲಿದ್ದರೆ ಆ ಜಾಗವನ್ನು ಡಿಫೆಂಡರ್ (ವಿಂಡೋಸ್‌ನದೇ ಆಂಟಿವೈರಸ್) ಮುಟ್ಟುತ್ತಲೇ ಇಲ್ಲ.

ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ವಿಂಡೋಸ್ 8 ಬಂದಮೇಲೆ ವಿಂಡೋಸ್ ಸಮೇತ ಮಾರಿದ ಲ್ಯಾಪ್‌ಟಾಪುಗಳ ಲೈಸೆನ್ಸ್ ಕೀ ಮದರ್‌ಬೋರ್ಡಿನಲ್ಲೇ ಇರುತ್ತದೆ. ಸಾಮಾನ್ಯವಾಗಿ ಅದು ಹೋಮ್ ಆವೃತ್ತಿಯದು. ಅದರ ಮೇಲೆ ಪ್ರೊ ಎಂಬ ಬೇರೆ ಆವೃತ್ತಿ ಹಾಕಿದರೆ ಆ ಕೀ ಹೊಂದುವುದಿಲ್ಲ, ಆಗ ಕ್ರ್ಯಾಕ್ ಬೇಕಾಗುತ್ತದೆ. ಅಂದರೆ ದುಡ್ಡು ಕೊಟ್ಟು ಕೊಂಡಿದ್ದನ್ನು ಅಳಿಸಿ ಕದ್ದಿದ್ದನ್ನು ಹಾಕಿಸಿಕೊಂಡಿರುತ್ತೀರಿ! ನೆಂಟರ ಅಥವಾ ಗೆಳೆಯರ ಒಳ್ಳೆಯ ಕಂಪ್ಯೂಟರಿನಲ್ಲಿ, ಮೈಕ್ರೋಸಾಫ್ಟ್ ಸೈಟಿನಿಂದಲೇ ಮೀಡಿಯಾ ಕ್ರಿಯೇಶನ್ ಟೂಲ್ ಇಳಿಸಿ 8 ಜಿಬಿ ಪೆನ್‌ಡ್ರೈವ್ ತಯಾರಿಸಿಕೊಳ್ಳಿ. ನಿಮ್ಮ ಲ್ಯಾಪ್‌ಟಾಪಿನಿಂದ ಫೋಟೋ, ಪಿಡಿಎಫ್, ಡಾಕ್ಯುಮೆಂಟ್ ಮಾತ್ರ ಬ್ಯಾಕಪ್ ತೆಗೆಯಿರಿ, ಸೆಟಪ್ ಫೈಲು ಒಂದೂ ಬೇಡ. ಡಿಸ್ಕಿನ ಎಲ್ಲ ಪಾರ್ಟಿಶನ್ ಅಳಿಸಿ ಹೋಮ್ ಹಾಕಿ. ನೆಟ್ ಸಿಕ್ಕ ಕೂಡಲೇ ತಾನೇ ಆಕ್ಟಿವೇಟ್ ಆಗುತ್ತದೆ. ವಿಂಡೋಸ್ 11 ತಾಳದಷ್ಟು ಹಳೆಯದಾದರೆ ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿ, ಏಕೆಂದರೆ ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಬೆರಳ ಗುರುತು ಓದುವ ಸಾಧನ ಇದ್ದರೆ ಅದರ ಡ್ರೈವರ್ ಲಿನಕ್ಸಿಗೆ ಸಿಗುತ್ತದೆಯೇ ಅಂತ ಮೊದಲೇ ವಿಚಾರಿಸಿ.

ಆಫೀಸಿನ ಬದಲು ಉಚಿತವಾದ ಲಿಬ್ರೆಆಫೀಸ್ ಸಾಕು. ಹಳೆಯ ನುಡಿ ಫೈಲುಗಳಲ್ಲಿ ಕನ್ನಡದ ಬದಲು ಇಂಗ್ಲಿಷ್ ಚಿಹ್ನೆ ಕಂಡರೆ ಆ ನುಡಿ ಫಾಂಟ್ ಹಾಕಿಕೊಂಡರೆ ಸರಿಹೋಗುತ್ತದೆ. ಪಾಸ್‌ಪೋರ್ಟ್ ಫೋಟೋಗೆ ಫೋಟೋಶಾಪಿನ ಬದಲು ಉಚಿತವಾದ ಗಿಂಪ್ ಬಳಸಿ: 35×45 ಮಿ.ಮೀ., 300 ಡಿಪಿಐಗೆ 413×531 ಪಿಕ್ಸೆಲ್. 4×6 ಇಂಚಿನ ಹಾಳೆಯನ್ನು ಅಡ್ಡ ಇಟ್ಟರೆ 8 ಫೋಟೋ ಕೂರುತ್ತವೆ.

ಕಾನೂನೂ ಇದೆ. ಕೃತಿಸ್ವಾಮ್ಯ ಕಾಯ್ದೆ, 1957ರ 63ಬಿ ಕಲಮಿನಲ್ಲಿ, ಗೊತ್ತಿದ್ದೂ ನಕಲಿ ಸಾಫ್ಟ್‌ವೇರ್ ಬಳಸಿದವರಿಗೆ 7 ದಿನದಿಂದ 3 ವರ್ಷ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ. ವ್ಯಾಪಾರಕ್ಕಲ್ಲದ ಬಳಕೆಗೆ ನ್ಯಾಯಾಲಯ ಜೈಲು ಬಿಡಬಹುದು. ಅಂಗಡಿಗೆ ಆ ರಿಯಾಯಿತಿ ಇಲ್ಲ.

ಹೊಸ ವಿಂಡೋಸ್ ಹಾಕಿದರಷ್ಟೇ ಕೆಲಸ ಮುಗಿಯಲಿಲ್ಲ. ಜಿಮೇಲ್, ಬ್ಯಾಂಕ್, ಸೇವಾ ಸಿಂಧು ಪಾಸ್‌ವರ್ಡುಗಳನ್ನು ನಿಮ್ಮ ಫೋನಿನಿಂದ ಬದಲಿಸಿ, ಎಲ್ಲ ಡಿವೈಸುಗಳಿಂದ ಲಾಗೌಟ್ ಕೊಡಿ. ವಾಟ್ಸಾಪ್‌ನ ಲಿಂಕ್ಡ್ ಡಿವೈಸಸ್‌ನಲ್ಲಿ ಹಳೆಯದನ್ನೆಲ್ಲ ತೆಗೆಯಿರಿ. ನಿಮ್ಮಲ್ಲಿ ವಾಟ್ಸಾಪ್ ವೆಬ್ ತೆರೆದು ಪ್ರಿಂಟ್ ತೆಗೆಸಿಕೊಂಡ ಗಿರಾಕಿಗಳಿಗೂ ಹೀಗೇ ಮಾಡಲು ಹೇಳಿ. ಯಾರದಾದರೂ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿಸಿ.