ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಇಂಗಾಲ ಎಲ್ಲಿಗೆ ಹೋಗುತ್ತದೆ?

ಜಾಸ್ತಿ ಪಾಲು ಇರುವುದು ಮರದಲ್ಲಲ್ಲ, ಬುಡದ ಕೆಸರಿನಲ್ಲಿ. ಗಾಳಿಯಿಂದ ಎಲೆ ಹೀರಿದ ಇಂಗಾಲ ಉದುರಿದ ಎಲೆ, ಸತ್ತ ಬೇರಿನ ರೂಪದಲ್ಲಿ ಕೆಳಗೆ ಸೇರುತ್ತದೆ. ಬೇರೆ ಕಾಡಾದರೆ ಅದು ಬೇಗ ಕೊಳೆತು ಮತ್ತೆ ಗಾಳಿಗೇ ಹೋಗುತ್ತದೆ, ಅಲ್ವಾ? ಆದರೆ ಅಘನಾಶಿನಿ ಅಳಿವೆಯಂಥ ಕಡೆ ದಿನಕ್ಕೆರಡು ಸಲ ಉಬ್ಬರದ ನೀರು ನುಗ್ಗಿ ಕೆಸರು ಸದಾ ಒದ್ದೆಯಾಗಿರುತ್ತದೆ, ಒಳಗೆ ಆಮ್ಲಜನಕ ಇರುವುದಿಲ್ಲ, ಹಾಗಾಗಿ ಕೊಳೆಯುವುದು ತುಂಬಾ ನಿಧಾನ. ಅಲ್ಲಿನ ಬ್ಯಾಕ್ಟೀರಿಯಾ ಆಮ್ಲಜನಕದ ಬದಲು ಸಮುದ್ರದ ನೀರಿನ ಸಲ್ಫೇಟ್ ಬಳಸುತ್ತವೆ. ಕೆಸರು ಕಲಕಿದಾಗ ಬರುವ ಕೊಳೆತ ಮೊಟ್ಟೆಯ ವಾಸನೆ ಹೀಗೆ ಹುಟ್ಟುವ ಅನಿಲದ್ದೇ! ಒಂದಷ್ಟು ಎಲೆಗಳನ್ನು ಏಡಿಗಳು ಬಿಲಕ್ಕೆ ಎಳೆಯುತ್ತವೆ, ಇನ್ನೊಂದಷ್ಟು ಇಂಗಾಲ ನೀರಲ್ಲಿ ಕರಗಿ ಇಳಿತದ ಜೊತೆ ಸಮುದ್ರ ಸೇರುತ್ತದೆ. ಸಿಗಡಿ ಕೆರೆಗೆಂದು ಈ ಕೆಸರು ಅಗೆದರೆ ಮಾತ್ರ ಗಾಳಿ ತಗುಲಿ, ನೂರಾರು ವರ್ಷ ಹೂತಿದ್ದ ಇಂಗಾಲ ಕೆಲವೇ ವರ್ಷಗಳಲ್ಲಿ ಹೊರಬೀಳಲು ಶುರುವಾಗುತ್ತದೆ.