ಎಡಾಸ್‌ಗೆ ಒಂದೂವರೆ ಲಕ್ಷ ಜಾಸ್ತಿ ಕೊಡಬೇಕಾ? ಮಂಡ್ಯದ ಅಣ್ಣನಿಗೆ ಉತ್ತರ

ಪ್ರಶ್ನೆ ಮೇಲೆಲ್ಲೋ ಹೋಗಿಬಿಟ್ಟಿದೆ, ಈಗ ಓದುತ್ತಿರುವವರಿಗೆ ಗೊತ್ತಾಗಲಿ ಅಂತ ಮತ್ತೆ ಹೇಳುತ್ತೇನೆ. ಅಣ್ಣ ಎಲೆಕ್ಟ್ರಿಕ್ ಕಾರು ಬುಕ್ ಮಾಡುವವರಿದ್ದಾರೆ. ಒಂದೇ ಕಾರು, ಒಂದೇ ಬ್ಯಾಟರಿ. ಮಧ್ಯದ ವೇರಿಯಂಟ್‌ಗೂ ಟಾಪ್ ವೇರಿಯಂಟ್‌ಗೂ 1 ಲಕ್ಷ 60 ಸಾವಿರ ವ್ಯತ್ಯಾಸ. ಆ ದುಡ್ಡಿಗೆ ಎಡಾಸ್ (ಕ್ಯಾಮೆರಾ, ರೇಡಾರ್‌ನಿಂದ ರಸ್ತೆ ನೋಡಿ ಓಡಿಸುವವರಿಗೆ ನೆರವಾಗುವ ವ್ಯವಸ್ಥೆ), 360 ಡಿಗ್ರಿ ಕ್ಯಾಮೆರಾ, ಸನ್‌ರೂಫ್ ಸಿಗುತ್ತದೆ. ದಿನಾ ಮಂಡ್ಯದಿಂದ ಮೈಸೂರಿಗೆ ಹೋಗಿ ಬರುವುದು, ತಿಂಗಳಿಗೊಮ್ಮೆ ಅತ್ತೆ ಮನೆ ಚಿಕ್ಕಮಗಳೂರಿಗೆ. 66 ವರ್ಷದ ಅಪ್ಪನೂ ಓಡಿಸುತ್ತಾರೆ. ಕೊಡಬೇಕಾ, ಬೇಡವಾ?

ಅರ್ಧ ಜನ "ನಮ್ಮ ರಸ್ತೆಗೆ ಅದು ದಂಡ" ಅಂದಿದ್ದೀರಿ. ಇನ್ನರ್ಧ ಜನ "ಯೋಚನೆ ಮಾಡದೆ ತಗೊಳ್ಳಿ" ಅಂದಿದ್ದೀರಿ. ನಾನು ಎರಡೂವರೆ ವರ್ಷದಿಂದ ಎಡಾಸ್ ಇರುವ ಎಲೆಕ್ಟ್ರಿಕ್ ಕಾರು ಓಡಿಸುತ್ತಿದ್ದೇನೆ, 52 ಸಾವಿರ ಕಿಲೋಮೀಟರ್ ಆಗಿದೆ. ಜಾಸ್ತಿ ಓಡಿಸಿದ್ದು ಚನ್ನರಾಯಪಟ್ಟಣದಿಂದ ಬೆಂಗಳೂರಿಗೆ, ಆಗಾಗ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ. ಅಣ್ಣ, ನಿಮ್ಮ ಲೆಕ್ಕಕ್ಕೆ ನನ್ನ ಉತ್ತರ ಕೊಡಿ ಅಂತಲೇ. ಆದರೆ ಶೋರೂಮಿನ ಹುಡುಗ ಯಾವುದನ್ನು ತೋರಿಸಿ ಆಸೆ ಹುಟ್ಟಿಸಿದನೋ ಅದಕ್ಕಲ್ಲ.

ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ಎಡಾಸ್ ಅನ್ನುವುದು ಒಂದೇ ವಸ್ತು ಅಲ್ಲ. ಅದರೊಳಗೆ ಮೂರು ಬೇರೆ ಬೇರೆ ಕೆಲಸಗಳಿವೆ. ನೋಡಿ ಎಚ್ಚರಿಸುವುದು ಒಂದು. ನೀವು ಹಾಕದಿದ್ದಾಗ ತಾನೇ ಬ್ರೇಕ್ ಹಾಕುವುದು ಇನ್ನೊಂದು. ಲೇನ್ ನಡುವೆ ಇರುವ ಹಾಗೆ ಸ್ಟೀರಿಂಗ್ ತಿರುಗಿಸುವುದು ಮೂರನೆಯದು. ಟೆಸ್ಟ್ ಡ್ರೈವ್‌ನಲ್ಲಿ ಎಲ್ಲರೂ ತೋರಿಸುವುದು ಈ ಮೂರನೆಯದನ್ನೇ, ಯಾಕೆಂದರೆ ನೋಡಲು ಅದು ಮ್ಯಾಜಿಕ್ ಥರ ಇರುತ್ತದೆ. ನಮ್ಮ ಕಡೆ ಅತಿ ಕಡಿಮೆ ಉಪಯೋಗಕ್ಕೆ ಬರುವುದೂ ಅದೇ. ಕಾರು ಎಷ್ಟರ ಮಟ್ಟಿಗೆ ತಾನೇ ಓಡುತ್ತದೆ ಅಂತ ಅಳೆಯುವ ಲೆಕ್ಕದಲ್ಲಿ ಲೆವೆಲ್ 2 ಅಂದರೆ ಕಾರು ವೇಗವನ್ನೂ ಸ್ಟೀರಿಂಗನ್ನೂ ಸ್ವಲ್ಪ ಹೊತ್ತು ಸಂಭಾಳಿಸುತ್ತದೆ, ಜವಾಬ್ದಾರಿ ಮಾತ್ರ ಪೂರ್ತಿ ನಿಮ್ಮದೇ. 0ಯಿಂದ 5ರವರೆಗಿನ ಆ ಲೆಕ್ಕದಲ್ಲಿ "2 ಪ್ಲಸ್" ಅನ್ನುವುದೇ ಇಲ್ಲ, ಅದು ಕಂಪನಿಗಳು ಸೇರಿಸಿಕೊಂಡ ಮಾತು.

ಬ್ರೇಕ್ ವಿಷಯ ನಾನು ಕಣ್ಣಾರೆ ಕಂಡಿದ್ದು ಹೇಳುತ್ತೇನೆ. ಹೋದ ವರ್ಷ ಒಂದು ಬೆಳಗ್ಗೆ ಆರೂವರೆ, ಯಡಿಯೂರು ದಾಟಿ ಕುಣಿಗಲ್ ಕಡೆ ಹೋಗುತ್ತಿದ್ದೆ. ವೇಗ 75 ಇರಬಹುದು. ಬಲಗಡೆ ಕನ್ನಡಿಯಲ್ಲಿ ಹಿಂದಿನಿಂದ ಬರುತ್ತಿದ್ದ ಬಸ್ಸನ್ನು ನೋಡಿದೆ, ಅಷ್ಟೇ, ಒಂದು ಕ್ಷಣ. ಅಷ್ಟರಲ್ಲಿ ಡಿವೈಡರ್ ಸಂದಿಯಿಂದ ಎಕ್ಸೆಲ್ ಗಾಡಿಯೊಂದು ನುಗ್ಗಿತು. ಎರಡೂ ಕಡೆ ಹಾಲಿನ ಕ್ಯಾನು, ಓಡಿಸುತ್ತಿದ್ದ ಯಜಮಾನರ ತಲೆಗೆ ಟವೆಲ್ ಸುತ್ತಿತ್ತು. ನನ್ನ ಕಾಲು ಪೆಡಲ್ ಮುಟ್ಟುವ ಮೊದಲೇ ಕಾರು ಮೂಗು ತಗ್ಗಿಸಿತು. ಸೀಟ್ ಬೆಲ್ಟ್ ಎದೆಗೆ ಬಿಗಿಯಿತು. ಡ್ಯಾಶ್ ಮೇಲಿದ್ದ ನೀರಿನ ಬಾಟಲು ಹಾರಿ ಕೆಳಗೆ ಬಿತ್ತು. ಆಮೇಲೆ ನಾನೂ ಪೂರ್ತಿ ಒತ್ತಿದೆ. ನಿಂತಾಗ ಆ ಕ್ಯಾನಿಗೂ ನನ್ನ ಬಂಪರಿಗೂ ಒಂದು ಮೊಳ ಇತ್ತು. ಯಜಮಾನರು ತಿರುಗಿಯೂ ನೋಡದೆ ಡೈರಿ ಕಡೆ ಹೋದರು. ನಾನು ಗಾಡಿ ಪಕ್ಕಕ್ಕೆ ಹಾಕಿ ಹತ್ತು ನಿಮಿಷ ಸುಮ್ನೆ ಕೂತಿದ್ದೆ. ಆ ದಿನದಿಂದ ಈ ಒಂದೂವರೆ ಲಕ್ಷದ ಬಗ್ಗೆ ನಾನು ಯಾರ ಹತ್ತಿರವೂ ವಾದ ಮಾಡಿಲ್ಲ.

ಇದು ನನ್ನೊಬ್ಬನ ಕಥೆ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ವಿಮಾ ಕಂಪನಿಗಳ ದುಡ್ಡಿನಿಂದ ನಡೆಯುವ ಐಐಎಚ್‌ಎಸ್ ಅನ್ನುವ ರಸ್ತೆ ಸುರಕ್ಷತಾ ಸಂಸ್ಥೆ ಇದನ್ನು ವರ್ಷಗಟ್ಟಲೆ ಲೆಕ್ಕ ಹಾಕಿದೆ. ತಾನಾಗಿ ಬ್ರೇಕ್ ಹಾಕುವ ಕಾರುಗಳು ಮುಂದಿನ ಗಾಡಿಗೆ ಹಿಂದಿನಿಂದ ಗುದ್ದುವುದು ಸುಮಾರು ಅರ್ಧಕ್ಕೆ ಇಳಿದಿದೆ. ನಡೆದು ಹೋಗುವವರಿಗೆ ಗುದ್ದುವುದು ಶೇ 27 ಕಡಿಮೆಯಾಗಿದೆ. ಆದರೆ ಅದೇ ಅಧ್ಯಯನದ ಇನ್ನೊಂದು ಮಾತು ನಮಗೆ ಜಾಸ್ತಿ ಮುಖ್ಯ: ಬೀದಿ ದೀಪ ಇಲ್ಲದ ಕತ್ತಲೆ ರಸ್ತೆಯಲ್ಲಿ ಪಾದಚಾರಿಗಳ ವಿಷಯದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಇನ್ನು ಲೇನ್ ನಡುವೆ ಹಿಡಿದು ಓಡಿಸುವ ಆ ಸ್ಟೀರಿಂಗ್ ಸೌಲಭ್ಯದಿಂದ ಅಪಘಾತ ಕಡಿಮೆಯಾಗುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ, ಅದು ಆರಾಮಿಗೆ ಅಷ್ಟೇ ಅಂತ ಅವರೇ 2024ರಲ್ಲಿ ಹೇಳಿದ್ದಾರೆ. ನನ್ನ ಅನುಭವವೂ ಅದಕ್ಕೆ ಪೂರ್ತಿ ತಾಳೆಯಾಗುತ್ತದೆ.

ಕತ್ತಲೆ ಮಾತು ಬಂತಲ್ಲ, ಅದನ್ನು ಸ್ವಲ್ಪ ಗಮನ ಕೊಟ್ಟು ಓದಿ, ಯಾಕೆಂದರೆ ಇಲ್ಲೇ ಜನ ಮೋಸ ಹೋಗುವುದು. ನಿಂತ ಗಾಡಿ. ಅಡಾಪ್ಟಿವ್ ಕ್ರೂಸ್ (ಇಟ್ಟ ವೇಗದಲ್ಲಿ ತಾನೇ ಹೋಗಿ, ಮುಂದಿನ ಗಾಡಿಗೆ ತಕ್ಕ ಹಾಗೆ ನಿಧಾನವಾಗುವುದು) ಹಾಕಿಕೊಂಡು 90ರಲ್ಲಿ ಹೋಗುತ್ತಿದ್ದೀರಿ, ಮುಂದೆ ಒಂದು ಕಾರು ಇದೆ, ನಿಮ್ಮ ಕಾರು ಅದನ್ನೇ ಹಿಂಬಾಲಿಸುತ್ತಿದೆ. ಆ ಕಾರು ಇದ್ದಕ್ಕಿದ್ದ ಹಾಗೆ ಎಡಕ್ಕೆ ಸರಿಯಿತು. ಎದುರಿಗೆ ನಿಂತಿರುವ ಲಾರಿ, ಅಥವಾ ಹಿಂದೆ ದೀಪವೂ ಇಲ್ಲದ ರಿಫ್ಲೆಕ್ಟರೂ ಇಲ್ಲದ ಕಬ್ಬಿನ ಟ್ರಾಲಿ. ರೇಡಾರ್‌ಗೆ ರಸ್ತೆ ಬದಿಯ ಕಂಬ, ಬೋರ್ಡು, ಸೇತುವೆ ಎಲ್ಲವೂ ನಿಂತ ವಸ್ತುಗಳೇ, ಎಲ್ಲದಕ್ಕೂ ಬ್ರೇಕ್ ಹಾಕಿದರೆ ಓಡಿಸುವುದೇ ಆಗುವುದಿಲ್ಲ, ಅದಕ್ಕೆ ಜೋರು ವೇಗದಲ್ಲಿ ಹಲವು ಕಾರುಗಳು ನಿಂತ ವಸ್ತುವನ್ನು ತಡವಾಗಿ ಗುರುತಿಸುತ್ತವೆ ಅಥವಾ ಗುರುತಿಸುವುದೇ ಇಲ್ಲ. ಒಂದು ರಾತ್ರಿ ನೆಲಮಂಗಲದ ಈಚೆ ನನಗೆ ಹೀಗೇ ಆಯಿತು. ಬೀಪ್ ಶಬ್ದ ಕೇಳಿದ್ದು ನಾನು ಬ್ರೇಕ್ ಒತ್ತಿದ ಮೇಲೆ. ರಾತ್ರಿ ಹೈವೇಯಲ್ಲಿ ಎಡಾಸ್ ಇದೆ ಅಂತ ಇನ್ನೊಂದು ಹತ್ತು ಕಿಲೋಮೀಟರ್ ವೇಗ ಜಾಸ್ತಿ ಮಾಡಬೇಡಿ. ಅಪ್ಪನಿಗೂ ಇದನ್ನು ಕೂರಿಸಿ ಹೇಳಿ.

ಈಗ ನಿಮ್ಮ ದಿನದ ದಾರಿ. ಬೆಂಗಳೂರು–ಮೈಸೂರು ಹೈವೇ ಎಡಾಸ್‌ಗೆ ಹೇಳಿ ಮಾಡಿಸಿದ ಹಾಗಿದೆ. 2023ರ ಆಗಸ್ಟ್‌ನಿಂದ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್ ಬಿಡುವುದಿಲ್ಲ, ಲೇನ್ ಗೆರೆ ಸ್ಪಷ್ಟವಾಗಿದೆ, ಅಡ್ಡ ರಸ್ತೆ ಇಲ್ಲ. ಅಡಾಪ್ಟಿವ್ ಕ್ರೂಸನ್ನು 90ಕ್ಕೆ ಇಟ್ಟುಬಿಡಿ. 100 ದಾಟಿದರೆ ಕ್ಯಾಮೆರಾ ಹಿಡಿಯುತ್ತದೆ, ದಂಡದ ಮೆಸೇಜ್ ಮನೆಗೆ ಬರುತ್ತದೆ, ಕ್ರೂಸ್ ಇದ್ದರೆ ಆ ತಲೆನೋವೇ ಇಲ್ಲ. ಎಲೆಕ್ಟ್ರಿಕ್ ಕಾರಿಗೆ ಇದರಲ್ಲಿ ಇನ್ನೊಂದು ಲಾಭ ಇದೆ. ಮುಂದಿನ ಗಾಡಿ ನಿಧಾನವಾದಾಗ ಕ್ರೂಸ್ ಮೊದಲು ಬಳಸುವುದು ಮೋಟಾರಿನ ರೀಜೆನ್, ಅಂದರೆ ಮೋಟಾರೇ ಕಾರನ್ನು ನಿಧಾನ ಮಾಡುತ್ತಾ ಕರೆಂಟು ತಯಾರಿಸುವುದು, ಆ ಕರೆಂಟು ಬ್ಯಾಟರಿಗೇ ವಾಪಸ್ ಹೋಗುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕ ಹಾಗೆ ಏರುತ್ತದೆ ಅನ್ನುವುದು ಗೊತ್ತಲ್ವಾ, ನನ್ನ ಕಾರು 80ರಲ್ಲಿ ನೂರು ಕಿಲೋಮೀಟರಿಗೆ 14 ಯೂನಿಟ್ ತಿಂದರೆ 100ರಲ್ಲಿ 17–18 ತಿನ್ನುತ್ತದೆ. ಕ್ರೂಸ್ ಒಂದೇ ವೇಗ ಹಿಡಿಯುವುದರಿಂದ ಲೆಕ್ಕ ತಪ್ಪುವುದಿಲ್ಲ.

ಚಿಕ್ಕಮಗಳೂರಿನ ದಾರಿಯಲ್ಲಿ ಇದೇ ಕಾರು ಬೇರೆ ಥರ ಕಾಣಿಸುತ್ತದೆ. ಹಾಸನ ದಾಟಿ ಬೇಲೂರು ರಸ್ತೆಗೆ ಬಂದ ಮೇಲೆ ಲೇನ್ ಅಸಿಸ್ಟ್ (ಅದೇ ಸ್ಟೀರಿಂಗ್ ತಿರುಗಿಸುವ ಸೌಲಭ್ಯ) ಆಫ್ ಮಾಡಿಬಿಡಿ. ಗೆರೆ ಅಳಿಸಿರುತ್ತದೆ, ಅಂಚಿನಲ್ಲಿ ಟಾರ್ ಕಿತ್ತಿರುತ್ತದೆ, ಗುಂಡಿ ತಪ್ಪಿಸಲು ನೀವು ಬಲಕ್ಕೆ ಎಳೆದರೆ ಅದು ಎಡಕ್ಕೆ ಎಳೆಯುತ್ತದೆ. ಶಿರಾಡಿಯಲ್ಲಿ ನನ್ನ ಕೈ ಜೊತೆ ಸ್ಟೀರಿಂಗ್ ಜಗಳ ಆಡಿದ ಮೇಲೆ ಘಾಟಿಯಲ್ಲಿ ನಾನು ಅದನ್ನು ಮುಟ್ಟಿಲ್ಲ. ಜುಲೈ ಮಳೆಯಲ್ಲಿ ಸಕಲೇಶಪುರ ದಾಟಿದರೆ ಮುಂದಿನ ಕ್ಯಾಮೆರಾಗೆ ಕಾಣುತ್ತಿಲ್ಲ ಅಂತ ಮೆಸೇಜ್ ಬಂದು ಎಲ್ಲವೂ ತಾನಾಗಿ ಬಂದ್ ಆಗುತ್ತದೆ. ಅಂದರೆ ನಿಮಗೆ ಅದು ಅತಿ ಬೇಕಾದ ಹೊತ್ತಿನಲ್ಲೇ ಇರುವುದಿಲ್ಲ. ಹಂಪ್‌ಗಳನ್ನೂ ನನ್ನ ಕಾರು ನೋಡುವುದಿಲ್ಲ. ಬಣ್ಣ ಬಳಿಯದ ಹಂಪಿಗೆ ಬ್ಯಾಟರಿ ತಳ ಬಡಿದರೆ ಯಾವ ಸೆನ್ಸರ್ ಕೂಡ ಕಾಪಾಡುವುದಿಲ್ಲ.

ಬೆಂಗಳೂರಿನ ಒಳಗಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಗೊರಗುಂಟೆಪಾಳ್ಯದ ಜಾಮ್‌ನಲ್ಲಿ ಕ್ರೂಸ್ ಮುಂದಿನ ಗಾಡಿಗೆ ಜಾಗ ಬಿಡುತ್ತದೆ, ಆ ಜಾಗಕ್ಕೆ ಬೈಕ್ ನುಗ್ಗುತ್ತದೆ, ಕಾರು ಮತ್ತೆ ಬ್ರೇಕ್ ಹಾಕುತ್ತದೆ, ಹಿಂದಿನವನು ಹಾರ್ನ್ ಹೊಡೆಯುತ್ತಾನೆ. ಅಲ್ಲಿ ಬೇಡ.

ಯಾರೂ ಹೇಳದ ಎರಡು ಸೌಲಭ್ಯಗಳಿವೆ, ನನ್ನ ಪ್ರಕಾರ ದಿನಾ ದುಡ್ಡು ವಾಪಸ್ ಕೊಡುವುದು ಅವೇ. ಒಂದು ಬ್ಲೈಂಡ್ ಸ್ಪಾಟ್ (ಕನ್ನಡಿಯಲ್ಲಿ ಕಾಣದ ಜಾಗ) ಎಚ್ಚರಿಕೆ, ಎಡಗಡೆಯಿಂದ ನುಗ್ಗುವ ಬೈಕಿಗೆ ಕನ್ನಡಿಯಲ್ಲಿ ಹಳದಿ ದೀಪ ಹತ್ತುತ್ತದೆ. ಇನ್ನೊಂದು ರಿವರ್ಸ್ ತೆಗೆಯುವಾಗ ಹಿಂದೆ ಅಡ್ಡ ಬರುವವರನ್ನು ಹೇಳುವುದು. ನಮ್ಮ ಮನೆ ಗೇಟು ನೇರ ರಸ್ತೆಗೆ ತೆರೆಯುತ್ತದೆ, ಎರಡೂ ಕಡೆ ಕಾಂಪೌಂಡ್ ಗೋಡೆ. ಒಂದು ಸಂಜೆ ನನ್ನ ಹೆಂಡತಿ ಹಿಂದಕ್ಕೆ ತೆಗೆಯುವಾಗ ಕಾರು ಕಿರುಚಿತು. ಅವಳು ನಿಲ್ಲಿಸಿದಳು. ಗೋಡೆ ಮರೆಯಿಂದ ಪಕ್ಕದ ಮನೆ ಹುಡುಗಿ ಸೈಕಲ್‌ನಲ್ಲಿ ಹಾದುಹೋದಳು, ಕ್ಯಾಮೆರಾದಲ್ಲಿ ಅವಳು ಕಂಡಿದ್ದು ಆಮೇಲೆ. ಬುಕ್ ಮಾಡುವ ವೇರಿಯಂಟ್‌ನಲ್ಲಿ ಈ ಎರಡೂ ಇವೆಯಾ ಅಂತ ಬ್ರೋಷರ್‌ನಲ್ಲಿ ಬೆರಳಿಟ್ಟು ನೋಡಿ. "12 ಫೀಚರ್", "17 ಫೀಚರ್" ಅನ್ನುವ ಲೆಕ್ಕ ನಂಬಬೇಡಿ, ಒಂದನ್ನೇ ಮೂರಾಗಿ ಎಣಿಸಿರುತ್ತಾರೆ.

ಕೊಂಡ ಮೇಲಿನ ಖರ್ಚನ್ನೂ ಹೇಳಬೇಕು. ಕ್ಯಾಮೆರಾ ಇರುವುದು ಮುಂದಿನ ಗ್ಲಾಸಿನ ಮೇಲ್ಭಾಗದಲ್ಲಿ, ರೇಡಾರ್ ಇರುವುದು ಮುಂದಿನ ಬಂಪರಿನಲ್ಲಿ. ಜಲ್ಲಿ ಲಾರಿಯಿಂದ ಕಲ್ಲು ಹಾರಿ ನನ್ನ ಗ್ಲಾಸ್ ಸೀಳಿದಾಗ ಗ್ಲಾಸ್ ಹಾಕಿದರೆ ಮುಗಿಯಲಿಲ್ಲ, ಕ್ಯಾಮೆರಾ ಕ್ಯಾಲಿಬ್ರೇಷನ್ (ಅದರ ದಿಕ್ಕು, ಅಳತೆ ಮತ್ತೆ ಸರಿಹೊಂದಿಸುವುದು) ಆಗಬೇಕಿತ್ತು, ಆ ಉಪಕರಣ ಹತ್ತಿರದ ಸರ್ವಿಸ್ ಸೆಂಟರ್‌ನಲ್ಲಿ ಇರಲಿಲ್ಲ. ಹನ್ನೊಂದು ದಿನ ಕಾರು ಅಲ್ಲೇ ನಿಂತಿತು. ಹೀಗಾಗಿ ಝೀರೋ ಡೆಪ್ ಇನ್ಶೂರೆನ್ಸ್ (ಭಾಗಗಳ ಸವೆತಕ್ಕೆ ಅಂತ ದುಡ್ಡು ಕಡಿತ ಮಾಡದ ವಿಮೆ) ಬಿಡಬೇಡಿ. ಬಿಲ್ಲಿನಲ್ಲಿ ಕ್ಯಾಲಿಬ್ರೇಷನ್ ಸೇರುತ್ತದಾ ಅಂತ ಏಜೆಂಟ್ ಹತ್ತಿರ ಬರವಣಿಗೆಯಲ್ಲಿ ಕೇಳಿ. ಮುಂದೆ ಗಾರ್ಡು, ದೊಡ್ಡ ಸ್ಟಿಕ್ಕರು, ಆಯುಧಪೂಜೆಗೆ ಕಟ್ಟಿದ ಬಾಳೆಕಂದು ಯಾವುದೂ ರೇಡಾರ್ ಎದುರು ಬರಬಾರದು. ಹಬ್ಬ ಮುಗಿದ ಕೂಡಲೇ ಹೂವು, ಕುಂಕುಮ ಒರೆಸಿ.

ಯಾವಾಗ ಬೇಡ ಅಂತಲೂ ಹೇಳುತ್ತೇನೆ. ಎಡಾಸ್ ಬೇಕು ಅಂತ ಚಿಕ್ಕ ಬ್ಯಾಟರಿ ಒಪ್ಪಿಕೊಳ್ಳುವುದಾದರೆ ಖಂಡಿತ ಬೇಡ, ಬ್ಯಾಟರಿಗೆ ಹಾಕಿ. ನಿಮ್ಮದು ಒಂದೇ ಬ್ಯಾಟರಿ, ಹಾಗಾಗಿ ಆ ಚಿಂತೆ ಇಲ್ಲ. ಕೆಲವು ಕಡೆ ಎರಡೂ ಒಟ್ಟಿಗೇ ಬರುತ್ತವೆ, ಎಂಜಿ ಕಂಪನಿಯ ವಿಂಡ್ಸರ್ ಕಾರಿನಲ್ಲಿ 2025ರ ಮೇ ತಿಂಗಳಲ್ಲಿ ಪ್ರೊ ಅನ್ನುವ ವೇರಿಯಂಟ್ ಬಂದಾಗ 52.9 ಯೂನಿಟ್ ಬ್ಯಾಟರಿ ಜೊತೆಗೇ ಎಡಾಸ್ ಕೊಟ್ಟರು. ಊರೊಳಗೆ ಮಾತ್ರ ಓಡಿಸುವವರು 360 ಕ್ಯಾಮೆರಾ ಇರುವ ವೇರಿಯಂಟ್‌ಗೆ ನಿಲ್ಲಬಹುದು. ಸಾಲದ ಕಂತು ಬಿಗಿಯಾಗಿ ಟೈರ್ ಸವೆದರೂ ಬದಲಿಸದೆ ತಳ್ಳುವ ಪರಿಸ್ಥಿತಿ ಬರುವುದಾದರೂ ಬೇಡ. ಎಲೆಕ್ಟ್ರಿಕ್ ಕಾರು ಭಾರ ಜಾಸ್ತಿ, ಎಷ್ಟೇ ಬೇಗ ಬ್ರೇಕ್ ಹಾಕಿದರೂ ಕೊನೆಗೆ ನಿಲ್ಲಿಸುವುದು ಟೈರು. ಏರ್‌ಬ್ಯಾಗು, ಕಾರು ಜಾರಿ ಹಿಡಿತ ತಪ್ಪದ ಹಾಗೆ ನೋಡಿಕೊಳ್ಳುವ ಇಎಸ್‌ಸಿ ಕಡಿಮೆ ಮಾಡಿ ಎಡಾಸ್ ತಗೊಳ್ಳುವ ಮಾತೇ ಇಲ್ಲ. 2023ರ ಅಕ್ಟೋಬರ್‌ನಲ್ಲಿ ಶುರುವಾದ, ಕಾರುಗಳನ್ನು ಗುದ್ದಿಸಿ ನೋಡಿ ಸ್ಟಾರ್ ಕೊಡುವ ಭಾರತ್ ಎನ್‌ಕ್ಯಾಪ್ ನಿಯಮದಲ್ಲಿ ಈ ಆಟೋ ಬ್ರೇಕ್‌ಗೆ ಅಂಕ ಇರಲಿಲ್ಲ, ಐದು ಸ್ಟಾರ್ ಇದೆ ಅಂದರೆ ಎಡಾಸ್ ಚೆನ್ನಾಗಿದೆ ಅಂತ ಅರ್ಥ ಅಲ್ಲ.

ದೊಡ್ಡ ಕಾರು ನೋಡುತ್ತಿರುವವರಿಗೆ ಒಂದು ಮಾತು. 2024ರಲ್ಲಿ ನಮ್ಮ ರಾಜ್ಯ 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರಿಗೆ ಶೇ 10 ಆಜೀವ ತೆರಿಗೆ ತಂದಿತು. ಇಪ್ಪತ್ನಾಲ್ಕೂವರೆ ಲಕ್ಷದ ಕಾರಿಗೆ ಎಡಾಸ್ ಸೇರಿಸಿ 26 ಆದರೆ ತೆರಿಗೆಯೇ ಎರಡೂವರೆ ಲಕ್ಷದ ಮೇಲೆ ಬೀಳುತ್ತದೆ. ಬುಕ್ ಮಾಡುವ ದಿನ ಆನ್‌ರೋಡ್ ಲೆಕ್ಕವನ್ನು ಎರಡೂ ವೇರಿಯಂಟ್‌ಗೆ ಬರೆಸಿಕೊಳ್ಳಿ. ಇನ್ನು ಯಾವತ್ತೋ ಬರುವ ಸೌಲಭ್ಯಕ್ಕೆ ಇವತ್ತೇ ದುಡ್ಡು ಕೊಡಬೇಡಿ. ಟೆಸ್ಲಾ 2025ರ ಜುಲೈನಲ್ಲಿ ಇಲ್ಲಿಗೆ ಬಂದಾಗ ಫುಲ್ ಸೆಲ್ಫ್ ಡ್ರೈವಿಂಗ್‌ಗೆ 6 ಲಕ್ಷ ಬೇರೆಯೇ ಹಾಕಿತ್ತು, ನಮ್ಮ ರಸ್ತೆಯಲ್ಲಿ ಆಗ ಅದು ನಡೆಯುತ್ತಲೇ ಇರಲಿಲ್ಲ.

ಅಣ್ಣ, ಟೆಸ್ಟ್ ಡ್ರೈವ್‌ಗೆ ಶೋರೂಮಿನ ರಿಂಗ್ ರೋಡ್ ಬೇಡ. ಕಾರನ್ನು ಶ್ರೀರಂಗಪಟ್ಟಣದವರೆಗೆ ಹೈವೇಯಲ್ಲಿ ತಗೊಂಡು ಹೋಗಿ, ವಾಪಸ್ ಹಳ್ಳಿ ರಸ್ತೆಯಲ್ಲಿ ಬನ್ನಿ, ಆಗುವುದಾದರೆ ಸಂಜೆ ಕತ್ತಲಾಗುವ ಹೊತ್ತಿಗೆ. ಸುಮ್ಮಸುಮ್ಮನೆ ಎಷ್ಟು ಸಲ ಬ್ರೇಕ್ ಹಾಕಿತು ಎಣಿಸಿ, ಯಾಕೆಂದರೆ ಹಿಂದೆ ಅಂಟಿಕೊಂಡು ಬರುವ ಲಾರಿಗೆ ಅದು ಗೊತ್ತಾಗುವುದಿಲ್ಲ. ಲೇನ್ ಅಸಿಸ್ಟ್ ಒಂದನ್ನೇ ಆಫ್ ಮಾಡಿ ಬ್ರೇಕ್ ಆನ್ ಇಡಲು ಆಗುತ್ತದಾ, ಆ ಸೆಟ್ಟಿಂಗ್ ಕಾರು ಆಫ್ ಮಾಡಿ ಆನ್ ಮಾಡಿದ ಮೇಲೂ ಹಾಗೇ ಉಳಿಯುತ್ತದಾ ನೋಡಿ. ಉಳಿಯದಿದ್ದರೆ ಅಪ್ಪ ಮೂರನೇ ದಿನಕ್ಕೆ ಬೇಸತ್ತು ಎಲ್ಲವನ್ನೂ ಆಫ್ ಮಾಡುತ್ತಾರೆ, ಆಗ 1 ಲಕ್ಷ 60 ಸಾವಿರ ಹೋದ ಹಾಗೇ. ಅಪ್ಪನನ್ನೂ ಕರೆದುಕೊಂಡು ಹೋಗಿ, ವಾಪಸ್ ಬರುವಾಗ ಅವರ ಕೈಗೇ ಕೊಡಿ. ಆ ಬೀಪ್ ಶಬ್ದಕ್ಕೆ ಅವರು ಗಾಬರಿಯಾಗುತ್ತಾರಾ ಅನ್ನುವುದು ನಿಮ್ಮ ಮನೆ ಮಟ್ಟಿಗೆ ದೊಡ್ಡ ಪ್ರಶ್ನೆ.

ಸೆಟ್ಟಿಂಗ್ಸ್ ಪುಟದ ಫೋಟೋ ತೆಗೆದು ಇಲ್ಲಿ ಹಾಕಿ, ಯಾವುದನ್ನು ಆನ್ ಇಡಬೇಕು, ಎಚ್ಚರಿಕೆಯನ್ನು ಬೇಗಕ್ಕೆ ಇಡಬೇಕಾ ತಡಕ್ಕೆ ಇಡಬೇಕಾ ಅಂತ ಒಂದೊಂದಾಗಿ ಹೇಳುತ್ತೇನೆ.