ಕಡಿದಾದ ಇಳಿಜಾರಿಗೆ ಹೆಂಗಸರ ಸ್ಕೀ ಕ್ಲಿನಿಕ್ ಸೇರಬೇಕು, ಯಾವುದು ಒಳ್ಳೇದು?

ಗುಲ್ಮಾರ್ಗ್‌ನಲ್ಲಿ ಬೇಸಿಕ್ ಕೋರ್ಸ್ ಮುಗಿದಿದೆ, ಸಾಧಾರಣ ಇಳಿಜಾರಲ್ಲಿ ಎರಡೂ ಸ್ಕೀ ಜೋಡಿಸಿಕೊಂಡು ತಿರುಗೋಕೆ ಬರುತ್ತೆ, ಕಡಿದಾದ ಕಡೆ ಮಾತ್ರ ತೊಡೆ ಉರಿದು ನಿಂತುಬಿಡ್ತೀನಿ, ವಿದೇಶದ್ದಾದ್ರೂ ಪರವಾಗಿಲ್ಲ, ಹೆಂಗಸರದ್ದೇ ಒಂದು ಕ್ಲಿನಿಕ್ (ಅಂದ್ರೆ ಕೆಲವು ದಿನದ ತರಬೇತಿ ಶಿಬಿರ) ಹೇಳಿ ಅಂತ ಚಿಕ್ಕಬಳ್ಳಾಪುರದಿಂದ ಕೇಳಿದ್ದೀರಿ. ತೊಡೆ ಉರಿಯುತ್ತೆ ಅಂದ್ರಲ್ಲ, ಅಲ್ಲೇ ಗೊತ್ತಾಯ್ತು. ನಿಮ್ಮ ಬೂಟು ದೊಡ್ಡದು. ನೋಡದೆ ಹೇಳ್ತಿದ್ದೀನಿ, ಆದ್ರೂ ಪಂದ್ಯ ಕಟ್ಟೋಕೆ ತಯಾರು. ತುಮಕೂರಿಂದ ಹೋಗಿ ಕಲಿತ ನನ್ನದೂ ಇದೇ ಹಣೆಬರಹ. ಬಾಡಿಗೆ ಅಂಗಡಿಯವರು ಕೊಟ್ಟ ದೊಡ್ಡ ಬೂಟಲ್ಲಿ ಕಲಿತೆ, ಅದೇ ಅಳತೆ ಹೇಳಿ ಸ್ವಂತದ್ದು ಕೊಂಡೆ, ಆಮೇಲೆ ದುಡ್ಡು ಸುರಿದು ಸೇರಿದ ಕ್ಲಿನಿಕ್ ಪೂರ್ತಿ ಆ ಬೂಟಿನ ಪಾಲಾಯ್ತು. ಕೋಚ್ ‘ಮುಂದಕ್ಕೆ ಬಾ’ ಅನ್ನೋದು, ನಾನು ಸೊಂಟ ಬಗ್ಗಿಸೋದು. ಪಾದ ಒಳಗೆ ಅಲ್ಲಾಡ್ತಿದ್ರೆ ಯಾವ ಕೋಚ್ ತಾನೇ ಏನು ಮಾಡಿಯಾರು?

ಆದ್ದರಿಂದ ಕ್ಲಿನಿಕ್ ಹೆಸರಿಗೆ ಆಮೇಲೆ ಬರ್ತೀನಿ. ಬೂಟಿನ ವಿಷಯ ಉದ್ದವಾಗುತ್ತೆ, ಸಹಿಸಿಕೊಳ್ಳಿ.

ಆಲ್ಪೈನ್, ಅಂದ್ರೆ ನೀವು ಮಾಡೋ ಬೆಟ್ಟ ಇಳಿಯೋ ಸ್ಕೀಯಿಂಗಲ್ಲಿ ಹಿಮ್ಮಡಿ ಬೈಂಡಿಂಗ್‌ಗೆ (ಬೂಟನ್ನ ಸ್ಕೀಗೆ ಕಚ್ಚಿಸೋ ಹಿಡಿಕೆಗೆ) ಬಿಗಿದಿರುತ್ತೆ. (ನಮ್ಮ ಕೊಡಗಿನ ಸ್ಕೀ ಪಟು ಭವಾನಿ ತೆಕ್ಕಡ ನಂಜುಂಡ ಅವರದು ನಾರ್ಡಿಕ್, ಹಿಮದ ಮೇಲೆ ದೂರ ಓಡೋ ಸ್ಕೀಯಿಂಗ್. ಅಲ್ಲಿ ಹಿಮ್ಮಡಿ ಬಿಗಿದಿರಲ್ಲ, ಬೂಟು ಮೆತ್ತಗೆ, ಲೆಕ್ಕವೇ ಬೇರೆ.) ಇಲ್ಲಿ ಮೊಣಕಾಲಿನ ಕೆಳಗಿನ ಮೂಳೆ, ಅಂದ್ರೆ ಶಿನ್, ಬೂಟಿನ ನಾಲಿಗೆಯನ್ನ ಒತ್ತಬೇಕು. ಆ ಒತ್ತಡ ಸ್ಕೀ ಮೂತಿಗೆ ಹೋಗಿ, ಮೂತಿ ಹಿಮ ಕಚ್ಚಿ, ಆಗ ತಿರುವು ಶುರು. ಬೂಟು ಒಂದು ಸೈಜ್ ದೊಡ್ಡದಾದ್ರೆ ನೀವು ಮುಂದಕ್ಕೆ ಒತ್ತಿದಾಗ ಮೊದಲು ಹಿಮ್ಮಡಿ ಮೇಲೇಳುತ್ತೆ. ಒತ್ತಡ ಅಲ್ಲೇ ಖರ್ಚು. ಮೂತಿ ಕಚ್ಚಲ್ಲ, ಸ್ಕೀ ಓಡುತ್ತೆ, ಓಡಿದ ತಕ್ಷಣ ಮೈ ಭಯಕ್ಕೆ ಹಿಂದಕ್ಕೆ ವಾಲುತ್ತೆ, ಹಿಂದೆ ವಾಲಿದ ಮೈಯನ್ನ ಬೀಳದಂತೆ ಹಿಡಿಯೋದು ತೊಡೆಯ ಮುಂಭಾಗದ ಸ್ನಾಯು. ಕುರ್ಚಿಯಿಲ್ಲದೆ ಕೂತಂತೆ ಇಡೀ ಇಳಿಜಾರು ಇಳಿದ್ರೆ ತೊಡೆ ಉರಿಯದೆ ಇನ್ನೇನಾಗುತ್ತೆ? ನಿಮಗೆ ಬಲ ಸಾಲದು ಅಂತಲ್ಲ.

ಅಳತೆಗೆ ಬನ್ನಿ. ಸ್ಕೀ ಬೂಟಿಗೆ ಚಪ್ಪಲಿ ಅಂಗಡಿಯ ನಂಬರ್ ನಡೆಯಲ್ಲ. ಇದರ ಅಳತೆಗೆ ಮಾಂಡೋಪಾಯಿಂಟ್ ಅಂತಾರೆ, ಪಾದದ ಉದ್ದ ಸೆಂಟಿಮೀಟರ್‌ನಲ್ಲಿ, ಅಷ್ಟೇ. ಹಾಳೆ ಮೇಲೆ ಹಿಮ್ಮಡಿಯನ್ನ ಗೋಡೆಗೆ ತಾಗಿಸಿ, ಪೂರ್ತಿ ಭಾರ ಹಾಕಿ ನಿಂತು, ಉದ್ದನೆಯ ಬೆರಳ ತುದಿಗೆ ಗೀಟು ಎಳೆದು ಅಳೆಯಿರಿ. 24 ಬಂದ್ರೆ ನಿಮ್ಮದು 24. 24ಕ್ಕೂ 24.5ಕ್ಕೂ ಸಾಮಾನ್ಯವಾಗಿ ಹೊರಗಿನ ಪ್ಲಾಸ್ಟಿಕ್ ಚಿಪ್ಪು ಒಂದೇ, 24.5 ದಾಟಬೇಡಿ. ಬಾಡಿಗೆ ಅಂಗಡೀಲಿ ‘ಐದನೇ ನಂಬರ್’ ಅಂದ್ರೆ ಕಾಲು ಸಲೀಸಾಗಿ ಇಳಿಯಲಿ ಅಂತ 25.5 ಕೈಗಿಡ್ತಾರೆ. ನಾವೂ ಆಹಾ ಆರಾಮಾಗಿದೆ ಅಂತೀವಿ. ಅಂಗಡೀಲಿ ಆರಾಮಾಗಿರೋ ಸ್ಕೀ ಬೂಟು ನಾಲ್ಕು ದಿನದಲ್ಲಿ ಸಡಿಲ, ಯಾಕಂದ್ರೆ ಚಿಪ್ಪಿನೊಳಗಿನ ಮೆತ್ತನೆ ಬೂಟು, ಅಂದ್ರೆ ಲೈನರ್, ಬಳಸ್ತಾ ಬಳಸ್ತಾ ಅಮುಕಿಕೊಂಡು ಇನ್ನಷ್ಟು ಜಾಗ ಬಿಡುತ್ತೆ.

ಸರಿಯಾದ ಪರೀಕ್ಷೆ ಇದು: ಲೈನರ್ ಹೊರಗೆ ಎಳೆದು, ಖಾಲಿ ಚಿಪ್ಪಿನೊಳಗೆ ಕಾಲಿಟ್ಟು, ಬೆರಳು ಮುಂದೆ ತಾಗೋ ತನಕ ಜಾರಿಸಿ. ಈಗ ಹಿಮ್ಮಡಿ ಹಿಂದೆ ಕೈ ಹಾಕಿ ನೋಡಿ. ಒಂದೂವರೆ ಸೆಂಟಿಮೀಟರ್ ಇದ್ರೆ ಚೆನ್ನ, ಎರಡು ಇದ್ರೆ ಕೊನೆಯ ಮಿತಿ. ಮೂರು ಬೆರಳು ಒಟ್ಟಿಗೆ ಹೋದ್ರೆ ಅದು ನಿಮ್ಮ ಬೂಟಲ್ಲ. ಲೈನರ್ ಹಾಕಿ ನೆಟ್ಟಗೆ ನಿಂತಾಗ ಬೆರಳು ಮುಂದೆ ಸವರಬೇಕು, ಮೊಣಕಾಲು ಬಗ್ಗಿಸಿದ್ರೆ ಹಿಂದಕ್ಕೆ ಸರಿಯಬೇಕು.

ಎಲ್ಲಿ ತಪ್ಪುತ್ತೆ ಅಂದ್ರೆ ಅಗಲದಲ್ಲಿ. ಚಪ್ಪಲಿಯಲ್ಲೇ ಬೆಳೆದ ಪಾದ, ಮುಂಭಾಗ ಅಗಲ. 98 ಮಿಲಿಮೀಟರ್ ಅಗಲದ ಬೂಟು ಹಾಕಿದ್ರೆ ಕಿರುಬೆರಳ ಬುಡದಲ್ಲಿ ಪ್ರಾಣ ಹೋಗುತ್ತೆ, ಅಂಗಡಿಯವನು ಇನ್ನೊಂದು ಸೈಜ್ ಮೇಲಿನದು ತರ್ತಾನೆ, ನೋವು ನಿಂತಿತು ಅಂತ ಕೊಂಡುಬಿಡ್ತೀವಿ. ಅಗಲ ಬೇಕಿತ್ತು, ಉದ್ದ ಕೊಂಡೆವು. ನಾನು ದಂಡ ತೆತ್ತಿದ್ದು ಇಷ್ಟಕ್ಕೇ. ಅದೇ ಉದ್ದದಲ್ಲಿ 102, 104ರ ಅಗಲದ್ದು ಸಿಗುತ್ತೆ. ಇಲ್ಲದಿದ್ರೆ ಬೂಟ್ ಫಿಟ್ಟರ್ ಚಿಪ್ಪನ್ನ ಬಿಸಿ ಮಾಡಿ ನೋಯೋ ಜಾಗದಲ್ಲಷ್ಟೇ ಉಬ್ಬಿಸಿ ಕೊಡ್ತಾರೆ. ಉದ್ದ ಹೆಚ್ಚಾದ ಬೂಟನ್ನ ಚಿಕ್ಕದು ಮಾಡೋ ಉಪಾಯ ಯಾರ ಹತ್ರವೂ ಇಲ್ಲ.

ಇನ್ನು ಗಂಡಸರ ಬೂಟು ಹಾಕಿ ಸುಧಾರಿಸಬೇಡಿ. ಹೆಂಗಸರ ಮೀನಖಂಡ ಕಾಲಿನ ಕೆಳಭಾಗದಿಂದಲೇ ದಪ್ಪವಾಗೋದು ಹೆಚ್ಚು, ಎತ್ತರದ ಕಫ್ (ಕಾಲು ಸುತ್ತೋ ಬೂಟಿನ ಮೇಲ್ಭಾಗ) ಅದನ್ನ ಹಿಂದಿಂದ ನೂಕುತ್ತೆ. ಗಡಸುತನ, ಅಂದ್ರೆ ಫ್ಲೆಕ್ಸ್, ನಿಮ್ಮ ಮಟ್ಟಕ್ಕೆ 80ರಿಂದ 95 ಸಾಕು. ಕಂಪನಿಯಿಂದ ಕಂಪನಿಗೆ ಆ ನಂಬರ್ ಒಂದೇ ಅರ್ಥದ್ದಲ್ಲ, ಹಾಕಿ ಒತ್ತಿ ನೋಡಿ. ಕಾಲುಚೀಲ ಒಂದೇ, ತೆಳ್ಳಗಿನದು. ಥರ್ಮಲ್ ಪ್ಯಾಂಟನ್ನ ಬೂಟಿನೊಳಗೆ ತುರುಕಬಾರದು, ಆ ಒಂದು ಮಡಿಕೆ ಸಂಜೆಗೆ ಶಿನ್ ಮೇಲೆ ಬರೆ ಎಳೆದಿರುತ್ತೆ. ಬಕಲ್ ಹಾಕುವಾಗ ಹಿಮ್ಮಡಿಯನ್ನ ನೆಲಕ್ಕೆ ಎರಡು ಸಲ ಕುಟ್ಟಿ ಹಿಂದಕ್ಕೆ ಕೂರಿಸಿ, ಮೊದಲು ಕಾಲ್ಗಿಣ್ಣಿನ ಮೇಲಿನ ಬಕಲ್, ಆಮೇಲೆ ಪಾದದ ಬೆನ್ನಿನದು, ಬೆರಳ ಕಡೆಯದು ಬಿಚ್ಚಿಕೊಳ್ಳದಷ್ಟು ಮಾತ್ರ. ಅಲ್ಲಿ ಬಿಗಿದ್ರೆ ರಕ್ತ ಓಡದೆ ಬೆರಳು ಜೋಮು ಹಿಡಿಯುತ್ತೆ, ಹಿಡಿತವೇನೂ ಹೆಚ್ಚಲ್ಲ.

ಈಗ ಕ್ಲಿನಿಕ್. ‘ಹೆಂಗಸರದ್ದೇ’ ಅನ್ನೋ ನಿಮ್ಮ ಷರತ್ತನ್ನ ನಾನು ಒಪ್ಪಲ್ಲ. ಅದರಲ್ಲಿ ಒಳ್ಳೇದು ಇಲ್ಲ ಅಂತಲ್ಲ. ಗಂಡನೋ ಅಣ್ಣನೋ ಮೇಲೆ ನಿಂತು ‘ಬಾರೇ, ಏನೂ ಆಗಲ್ಲ’ ಅಂತ ಕೂಗೋದು ಇರಲ್ಲ, ಹೆದರಿಕೆ ಆಗ್ತಿದೆ ಅಂತ ಬಾಯಿಬಿಟ್ಟು ಹೇಳಬಹುದು. ಸಲಕರಣೆ ವಿಷಯ ಬಲ್ಲ ಮಹಿಳಾ ಕೋಚ್ ಸಿಕ್ಕರೆ ಅರ್ಧ ಗೆದ್ದಂತೆ. ಹೆಂಗಸರ ಮೈಕಟ್ಟಿಗೆ ತಕ್ಕಂತೆ ಹಿಮ್ಮಡಿ ಕೆಳಗೆ ಸ್ವಲ್ಪ ಎತ್ತರ, ಬೈಂಡಿಂಗ್ ಸ್ವಲ್ಪ ಮುಂದಕ್ಕೆ ಅಂತ ಅಮೆರಿಕದ ಸ್ಕೀ ಸಲಕರಣೆ ತಜ್ಞೆ ಜೀನಿ ಥೋರೆನ್ ವರ್ಷಗಟ್ಟಲೆ ವಾದಿಸಿದ್ದು ಸುಮ್ಮನೆ ಅಲ್ಲ. ಆದ್ರೆ ಬೆಳಗ್ಗೆ ಎರಡು ಗಂಟೆ ಸ್ಕೀಯಿಂಗ್, ಮಧ್ಯಾಹ್ನ ಸ್ಪಾ, ಸಂಜೆ ಪಾರ್ಟಿ ಅನ್ನೋ ಪ್ಯಾಕೇಜಿಗೂ ಅದೇ ಬೋರ್ಡು ಹಾಕಿರ್ತಾರೆ. ಬೋರ್ಡು ನೋಡಿ ಸೇರಬೇಡಿ.

ಅಮೆರಿಕದ ಟಾವೋಸ್, ಬಿಗ್ ಸ್ಕೈ, ಜಾಕ್ಸನ್ ಹೋಲ್ ಕಡೆಯ ಕ್ಯಾಂಪುಗಳಿಗೆ ಹೆಸರಿದೆ, ಸುಳ್ಳಲ್ಲ. ಆದ್ರೆ ಅಲ್ಲಿ ಕರಿ ವಜ್ರದ ಗುರುತಿನ (ಕಷ್ಟದ್ದು ಅಂತ ಫಲಕ ಹಾಕಿದ) ಇಳಿಜಾರು ಅಂದ್ರೆ ನಿಜಕ್ಕೂ ಕಡಿದು. ಗುರುತುಗಳು ಆಯಾ ರೆಸಾರ್ಟಿನ ಒಳಗಿನ ಹೋಲಿಕೆ ಮಾತ್ರ, ಒಂದು ಕಡೆಯ ನೀಲಿ (ಕರಿಗಿಂತ ಸುಲಭದ್ದು) ಇನ್ನೊಂದು ಕಡೆಯ ಕರಿ ಆಗಬಹುದು. ಯುರೋಪಿನಲ್ಲಂತೂ ನೀಲಿಗೂ ಕರಿಗೂ ನಡುವೆ ಕೆಂಪು ಅಂತ ಇನ್ನೊಂದಿದೆ. ಫಾರಂನಲ್ಲಿ ‘ಅಡ್ವಾನ್ಸ್ಡ್’ ಅಂತ ಟಿಕ್ ಮಾಡೋ ಮೊದಲು ಡಿಗ್ರಿ ಕೇಳಿ. 40 ಪರ್ಸೆಂಟ್ ಇಳಿಜಾರು ಅಂದ್ರೆ ಸುಮಾರು 22 ಡಿಗ್ರಿ, ಕರಿ ಗುರುತು ಸುಮಾರಾಗಿ ಅಲ್ಲಿಂದ ಶುರು. 30 ಡಿಗ್ರಿ ಮೇಲಿಂದ ನೋಡಿದ್ರೆ ಗೋಡೆ.

ಬರೆದು ಕೇಳಬೇಕಾದ್ದು ಇಷ್ಟು: ಒಬ್ಬ ಕೋಚ್‌ಗೆ ಎಷ್ಟು ಜನ (ಆರಕ್ಕಿಂತ ಹೆಚ್ಚಾದ್ರೆ ಸಾಲಲ್ಲಿ ನಿಂತು ನಡುಗೋದೇ ಆಗುತ್ತೆ), ಕೊನೆತನಕ ಅದೇ ಕೋಚ್ ಇರ್ತಾರಾ, ಗುಂಪು ಮಾಡೋದು ಫಾರಂ ನೋಡಿಯೋ ಹಿಮದ ಮೇಲೆ ಓಡಿಸಿ ನೋಡಿಯೋ, ವಿಡಿಯೋ ತೆಗೆದು ತೋರಿಸ್ತಾರಾ, ಮೊದಲ ದಿನ ಬೂಟು ನೋಡ್ತಾರಾ. ಕೋಚ್ ಸರ್ಟಿಫಿಕೇಟ್ ಯಾವ ಹಂತದ್ದು ಅಂತಲೂ ಕೇಳಿ. ಸ್ಕೀ ಕೋಚ್‌ಗಳ ಸಂಘಗಳಾದ ಅಮೆರಿಕದ ಪಿಎಸ್‌ಐಎನಲ್ಲಿ ಮೂರನೇ ಹಂತ, ಕೆನಡಾದ ಸಿಎಸ್‌ಐಎನಲ್ಲಿ ಮೂರು ಅಥವಾ ನಾಲ್ಕು ಇದ್ರೆ ನೆಮ್ಮದಿ. ಮೊದಲ ದಿನವೇ ಕಡಿದಾದ ಜಾಗಕ್ಕೆ ಕರೆದೊಯ್ತೀವಿ ಅಂತ ಯಾರಾದ್ರೂ ಉತ್ಸಾಹದಿಂದ ಬರೆದ್ರೆ ಅಲ್ಲಿಗೆ ಹೋಗಬೇಡಿ. ಕಡಿದಾದದ್ದನ್ನ ಕಲಿಯೋದು ಸುಲಭದ ಇಳಿಜಾರಲ್ಲಿ.

ನನ್ನನ್ನ ಕೇಳಿದ್ರೆ ಈ ಸಲ ವಿದೇಶ ಬೇಡ. ದೇವನಹಳ್ಳಿ ವಿಮಾನ ನಿಲ್ದಾಣ ನಿಮಗೆ ಪಕ್ಕದಲ್ಲೇ ಇದೆ, ಅಲ್ಲಿಂದ ಶ್ರೀನಗರ, ಶ್ರೀನಗರದಿಂದ ಸುಮಾರು 50 ಕಿ.ಮೀ. ಗುಲ್ಮಾರ್ಗ್. ಆ ದುಡ್ಡಲ್ಲಿ ಸರಿಯಾದ ಬೂಟು, ಒಂದು ವಾರ ಒಬ್ಬರಿಗೇ ಒಬ್ಬ ಕೋಚ್ ಅಥವಾ ಅಲ್ಲಿನ ಸರ್ಕಾರಿ ಸ್ಕೀ ಸಂಸ್ಥೆಯ ಇಂಟರ್‌ಮೀಡಿಯೇಟ್ ಕೋರ್ಸ್, ಎರಡೂ ಆಗುತ್ತೆ. ಅಲ್ಲಿನ ಗೊಂಡೊಲಾದ (ಕೇಬಲ್ ಕಾರಿನ) ಮೊದಲ ಹಂತ, ಅಂದ್ರೆ ಕೊಂಗ್‌ಡೂರಿ ತನಕದ ಜಾಗವೇ ನಿಮಗೆ ಧಾರಾಳ. ಎರಡನೇ ಹಂತ ಹತ್ತಿ ಸುಮಾರು 3,980 ಮೀಟರಿನ ಅಫರ್ವಾತ್‌ನಿಂದ ಇಳಿಯೋ ಆಸೆ ಈಗಲೇ ಬೇಡ. ಅದು ಯಂತ್ರದಿಂದ ಹದ ಮಾಡಿದ ಇಳಿಜಾರಲ್ಲ, ಹಿಮಕುಸಿತದ ಬೆಟ್ಟ. 2023ರ ಫೆಬ್ರವರಿ 1ರಂದು ಅಲ್ಲೇ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಸತ್ತರು. ಬೀಕನ್ (ಹಿಮದಡಿ ಹೂತವರನ್ನ ಹುಡುಕೋ ರೇಡಿಯೋ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕೋ ಉದ್ದ ಕಡ್ಡಿ), ಸಲಿಕೆ ಜೊತೆಗಿದ್ದು ಅವನ್ನ ಬಳಸೋಕೂ ಬಂದ ಮೇಲೆ, ಸ್ಥಳೀಯ ಗೈಡ್ ಜೊತೆ, ಆ ದಿನದ ಹಿಮಕುಸಿತದ ಸೂಚನೆ ಓದಿಕೊಂಡು ಹೋಗೋ ಜಾಗ ಅದು. ವಿಮೆ ಮಾಡಿಸುವಾಗ ‘ಆಫ್-ಪಿಸ್ಟ್’ (ಹದ ಮಾಡಿದ ಇಳಿಜಾರಿನ ಹೊರಗಿನ ಸ್ಕೀಯಿಂಗ್) ಸೇರಿದೆಯಾ ಅಂತ ಪಾಲಿಸಿ ಬಿಚ್ಚಿ ಓದಿ.

ಕೋಚ್‌ಗೆ ‘ನನಗೆ ಸೈಡ್‌ಸ್ಲಿಪ್ ಕಲಿಸಿ’ ಅಂತ ನೀವೇ ಹೇಳಿ. ಸ್ಕೀಗಳನ್ನ ಇಳಿಜಾರಿಗೆ ಅಡ್ಡ ಇಟ್ಟು, ಅಂಚು ಸ್ವಲ್ಪ ಬಿಟ್ಟು ಜಾರೋದು, ಅಂಚು ಕೊಟ್ಟು ನಿಲ್ಲೋದು, ಎಡಕ್ಕೂ ಬಲಕ್ಕೂ. ಇದು ಕೈಗೆ ಬಂದ್ರೆ ತಿರುಗೋಕಾಗದ ಜಾಗದಿಂದಲೂ ಇಳಿದು ಬರಬಹುದು, ಅರ್ಧ ಭಯ ಅಲ್ಲೇ ಹೋಗುತ್ತೆ. ಆಮೇಲೆ ಪಿವಟ್ ಸ್ಲಿಪ್: ಎದೆ ಕಣಿವೆ ಕಡೆಗೇ ಇರಬೇಕು, ಮೈ ಕೆಳಗೆ ಸ್ಕೀ ಮಾತ್ರ ತಿರುಗಬೇಕು. ಕೈಯಲ್ಲಿರೋ ಸ್ಕೀ ಕೋಲನ್ನ ಬೂಟಿನ ಪಕ್ಕ ಅಲ್ಲ, ಇಳಿಜಾರಿನ ಕೆಳಗಡೆಗೆ ಊರಬೇಕು. ವೇಗ ತಗ್ಗಿಸೋಕೆ ತಿರುವನ್ನ ಪೂರ್ತಿ ಮಾಡಬೇಕು, ಮೂತಿ ಅಡ್ಡಕ್ಕೆ ಬರೋ ತನಕ.

ಮಧುಗಿರಿ ಬೆಟ್ಟದ ಬೋಳು ಬಂಡೆ ಇಳಿದಿದ್ರೆ ಗೊತ್ತಿರುತ್ತೆ, ಹೆದರಿ ಬಂಡೆ ಕಡೆಗೆ ವಾಲಿದವರ ಕಾಲೇ ಮೊದಲು ಜಾರೋದು, ಭಾರ ಪಾದದ ಮೇಲೆ ಇಟ್ಟು ನೆಟ್ಟಗೆ ನಿಂತವರಿಗೆ ಹಿಡಿತ. ಹಿಮದ ಮೇಲೂ ಹಾಗೇ. ಬೆಟ್ಟದ ಕಡೆ ವಾಲಿದ್ರೆ ಕೆಳಗಿನ ಸ್ಕೀ ಮೇಲಿನ ಭಾರ ಹೋಗುತ್ತೆ, ಅಂಚು ಬಿಡುತ್ತೆ.

ಮೊಣಕಾಲಿನ ವಿಷಯ ಬಿಡೋ ಹಾಗಿಲ್ಲ. ಸ್ಕೀಯಿಂಗಲ್ಲಿ ಎಸಿಎಲ್ (ಮೊಣಕಾಲಿನೊಳಗಿನ ಒಂದು ಮುಖ್ಯ ಕಟ್ಟುನಾರು) ಹರಿಯೋದು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಅದು ಆಗೋದೂ ಬಹಳಷ್ಟು ಸಲ ಹಿಂದಕ್ಕೆ ಕೂತು ಬೀಳುವಾಗಲೇ. ಸೊಂಟ ಮೊಣಕಾಲಿಗಿಂತ ಕೆಳಗೆ, ಒಂದು ಕೈ ಹಿಂದಕ್ಕೆ, ಪೂರ್ತಿ ಭಾರ ಕೆಳಗಿನ ಸ್ಕೀಯ ಬಾಲದ ಒಳ ಅಂಚಿನ ಮೇಲೆ. ಸ್ಕೀ ತಾನೇ ತಿರುಗಿ ಮೊಣಕಾಲನ್ನ ಹಿಂಡಿಬಿಡುತ್ತೆ. ಹಾಗೆ ಬೀಳ್ತಿದ್ದೀನಿ ಅನಿಸಿದ್ರೆ ಕೈ ಮುಂದೆ, ಪಾದ ಹತ್ತಿರ. ಬಿದ್ದಾಗ ಕಾಲು ನೆಟ್ಟಗೆ ಚಾಚಬೇಡಿ, ಜಾರ್ತಾ ಇರುವಾಗಲೇ ಏಳೋಕೆ ಹೋಗಬೇಡಿ. ಬೈಂಡಿಂಗ್ ಬಿಚ್ಚಿಕೊಳ್ಳೋ ಬಿಗಿ ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ, ಸ್ಕೀ ಮಾಡೋ ರೀತಿ ನೋಡಿ ಇಡೋದು. ಬಾಡಿಗೆ ಅಂಗಡೀಲಿ ತೂಕ ಕೇಳದೆ ಸ್ಕೀ ಕೊಟ್ರೆ ವಾಪಸ್ ಕೊಡಿ. ನೀವೂ ನಾಚಿಕೆಗೆ ತೂಕ ಕಮ್ಮಿ ಹೇಳಬೇಡಿ, ಬೇಡದ ಕಡೆ ಸ್ಕೀ ಕಳಚುತ್ತೆ.

ಹೋಗೋಕೆ ಎಂಟು ವಾರ ಇದೆ ಅನ್ನುವಾಗ ಸುಲ್ತಾನಪೇಟೆ ಕಡೆಯಿಂದ ನಂದಿ ಮೆಟ್ಟಿಲು ಹತ್ತೋಕೆ ಶುರು ಮಾಡಿ. ಇಳಿಯೋದೇ ನಿಜವಾದ ತಾಲೀಮು. ಕೋಲಾರದವರಾದ್ರೆ ಅಂತರಗಂಗೆ, ನಮ್ಮ ಕಡೆಯವರಿಗೆ ದೇವರಾಯನದುರ್ಗ. ದಡಬಡ ಇಳಿಯದೆ, ಒಂದೊಂದು ಮೆಟ್ಟಿಲನ್ನೂ ಮೇಲಿನ ಕಾಲಿನ ಮೇಲೆ ಭಾರ ಇಟ್ಟು ನಿಧಾನಕ್ಕೆ ಇಳಿಯಿರಿ, ಮೊಣಕಾಲು ಒಳಕ್ಕೆ ಬಾಗದೆ ಬೆರಳಿನ ನೇರಕ್ಕೇ ಇರಲಿ. ವಾರಕ್ಕೆ ಎರಡು ಸಲ ಸಾಕು.

ಸ್ಕೀ ಬಾಡಿಗೆಗೆ ತಗೊಳ್ಳಿ, ಬೂಟು ಮಾತ್ರ ಸ್ವಂತದ್ದು. ಗುಲ್ಮಾರ್ಗ್‌ನಲ್ಲಿ ದಿನಾ ಸಂಜೆ ಲೈನರ್ ಹೊರಗೆ ತೆಗೆದು ಒಣಗಿಸಿ, ಆದ್ರೆ ಬುಖಾರಿಗೆ (ಕೋಣೆ ಬೆಚ್ಚಗಿಡೋ ಒಲೆಗೆ) ತಾಗಿಸಿ ಇಡಬೇಡಿ, ಫೋಮು ಸುಟ್ಟು ಸೆಟೆದುಕೊಳ್ಳುತ್ತೆ. ಚಿಪ್ಪಿನ ಬಕಲ್ ಹಗುರಾಗಿ ಹಾಕಿ ಕೋಣೆಯೊಳಗೇ ಇಡಿ. ರಾತ್ರಿ ಟ್ಯಾಕ್ಸಿ ಡಿಕ್ಕೀಲಿ ಬಿಟ್ರೆ ಬೆಳಗ್ಗೆ ಪ್ಲಾಸ್ಟಿಕ್ ಕಲ್ಲಾಗಿರುತ್ತೆ, ಇಬ್ಬರು ಹಿಡಿದು ಎಳೆದ್ರೂ ಕಾಲು ಒಳಗೆ ಹೋಗಲ್ಲ.